ನಾಲ್ಕು ನೆರಳು

ಬಾಡಿಗೆಯ ಸನ್ನಿ ಕಾರು. ಎ.ಸಿ. ಇದೆ, ಗಾಳಿ ಒಂದೇ ಕಡೆ.
ಹಿಂದೆ ನಾನು, ಪಕ್ಕದಲ್ಲಿ ಮಗುವಿನ ಸೀಟು,
ಮೂರನೇ ಮಹಡಿಯ ಫಿಲಿಪಿನೋ ಅಕ್ಕ ಕೊಟ್ಟದ್ದು,
ಅವಳ ಮಗ ಕಕ್ಕಿದ ಹಾಲಿನ ವಾಸನೆ ಸಮೇತ.
ಅದರಲ್ಲಿ ಸೌಪರ್ಣಿ, ಏಳು ತಿಂಗಳು,
ಒಂದು ಕಾಲಿನ ಸಾಕ್ಸ್ ಆಗಲೇ ಕಾಣೆ.

"ಇವತ್ತು ಮೂರು ಸ್ಟೇಡಿಯಂ" ಎಂದರು ಇವರು,
ಮೂರು ದೇವಸ್ಥಾನ ಎನ್ನುವ ದನಿಯಲ್ಲಿ.
ಕ್ರಿಕೆಟ್ಟಿನ ಹುಚ್ಚೆಂದು ತಿಳಿಯಬೇಡಿ,
ಎಲ್‌ಬಿಡಬ್ಲ್ಯೂ ಅಂದರೆ ಎಂತದೆಂದು ಇವರಿಗೂ ಸಮ ಗೊತ್ತಿಲ್ಲ.
ಇವರು ದೀಪದ ಕಂಬ ಹತ್ತುವವರು.
ಒಂಬತ್ತು ವರ್ಷದಿಂದ, ಸೊಂಟಕ್ಕೆ ಬೆಲ್ಟು ಬಿಗಿದು,
ಆಟವಿಲ್ಲದ ಹಗಲು ಮೇಲೇರಿ
ಸುಟ್ಟದ್ದನ್ನು ಬಿಚ್ಚಿ, ಹೊಸದನ್ನು ಕೂರಿಸಿ
ಜನ ಬರುವ ಮುಂಚೆ ಇಳಿದು ಹೋಗುವವರು.

ಶಾರ್ಜಾದಲ್ಲಿ ಗೇಟು ಹಾಕಿತ್ತು.
ಪಠಾಣ ಕಾವಲುಗಾರ ಇವರ ಗುರುತು ಹಿಡಿದ:
"ಅರೆ ಸುರೇಂದ್ರ ಭಾಯ್, ಇವತ್ತು ಏಣಿ ಎಲ್ಲಿ?"
ಇವರು ಮಗುವನ್ನು ಎತ್ತಿ ತೋರಿಸಿದರು.
ಅವನು ಜೇಬಿನಿಂದ ಖರ್ಜೂರ ತೆಗೆದ.
ಹಲ್ಲಿಲ್ಲ ಎಂದೆ. ಬೀಜ ತೆಗೆದು, ಚಪ್ಪರಿಸಲಿ ಎಂದು
ಅವಳ ತುಟಿಗೆ ಒರಸಿದ.
ಕಂಬಿಗಳ ನಡುವೆ ತಲೆ ತೂರಿಸಿ ನೋಡಿದೆ:
ಹಸಿರು ಒಂದು ತುಂಡು, ಮೇಲೆ ಕಂಬ,
ಕಂಬದ ತುದಿಯಲ್ಲಿ ಒಂದು ಕಾಗೆ.
"ಅಲ್ಲಿ ನಿಂತರೆ ಸಮುದ್ರ ಕಾಣ್ತದೆ" ಎಂದರು.
ಯಾವ ಕಡೆಯ ಸಮುದ್ರ ಎಂದು ನಾನು ಕೇಳಲಿಲ್ಲ.

ದುಬೈಯಲ್ಲಿ ಇಳಿಯಲೇ ಇಲ್ಲ.
ಖಾಲಿ ಪಾರ್ಕಿಂಗಿನಲ್ಲಿ ಕಿಟಕಿಗೆ ದುಪಟ್ಟಾ ಸಿಕ್ಕಿಸಿ
ಹಾಲೂಡಿಸಿದೆ. ಇವರು ಹೊರಗೆ ಬಿಸಿಲಲ್ಲಿ ನಿಂತು
ಕಾರಿಗೆ ಬೆನ್ನು ಹಾಕಿ ಹೇಳುತ್ತಲೇ ಇದ್ದರು:
ಇಲ್ಲಿ ಕಂಬವೇ ಇಲ್ಲ, ಸೂರಿನ ಸುತ್ತ ದೀಪದ ಬಳೆ,
ರಾತ್ರಿ ಆಡುವವರಿಗೆ ನೆರಳೇ ಬೀಳುವುದಿಲ್ಲ,
ಇಲ್ಲಿ ನಮ್ಮ ಕಂಪೆನಿಗೆ ಕೆಲಸ ಸಿಗಲಿಲ್ಲ.
ಕೊನೆಯದನ್ನು ಸ್ವಲ್ಪ ಮೆಲ್ಲಗೆ.

ಆಮೇಲೆ ಉದ್ದ ರಸ್ತೆ. ಘಂತೂತಿನ ಪೆಟ್ರೋಲ್ ಬಂಕಿನಲ್ಲಿ
ಡೈಪರ್ ಬದಲಿಸಿದ್ದು ಇವರೇ, ಬಾನೆಟ್ಟಿನ ಮೇಲೆ ಟವೆಲ್ ಹಾಸಿ,
ವೈರು ಸುತ್ತುವ ಕೈಯಲ್ಲಿ, ಬಿಗಿಯಾಗಿ.
ಏರ್‌ಪೋರ್ಟಿನಲ್ಲಿ ಇವರ ಮೀಸೆ ಕಂಡು
ಹೌಹಾರಿ ಅತ್ತವಳು ಈಗ ಅದನ್ನೇ ಜಗ್ಗುತ್ತಾಳೆ.
ಎರಡು ತಿಂಗಳು ಹಿಡಿಯಿತು ಇಷ್ಟಕ್ಕೆ.
ವಿಸಿಟ್ ವೀಸಾ. ಇವರ ಸಂಬಳದಲ್ಲಿ
ನಾವಿಬ್ಬರು ಹಿಡಿಸುವುದಿಲ್ಲ, ಕಾಗದದ ಪ್ರಕಾರ.
ಭಾನುವಾರ ರಾತ್ರಿ ನಮ್ಮ ಟಿಕೆಟ್ಟು,
ಮಂಗಳೂರು, ಅಲ್ಲಿಂದ ಗಂಗೊಳ್ಳಿಗೆ ಅಣ್ಣನ ರಿಕ್ಷಾ.

ಅಬುಧಾಬಿಯಲ್ಲಿ ಯಾವುದೋ ಎರಡು ಬ್ಯಾಂಕುಗಳ ಪಂದ್ಯ.
ದುಡ್ಡಿಲ್ಲ, ಟಿಕೆಟ್ಟಿಲ್ಲ, ಹುಲ್ಲಿನ ದಿಬ್ಬದ ಮೇಲೆ ಕೂತೆವು.
ಫ್ಲಾಸ್ಕಿನ ಚಹಾ, ನಿನ್ನೆಯ ಚಪಾತಿ.
ಮಗ್ರಿಬ್ ಬಾಂಗ್ ಆಯಿತು. ಕಂಬಗಳು ಒಂದೊಂದಾಗಿ
ಮೊದಲು ನೇರಳೆ, ಆಮೇಲೆ ಬಿಳಿ.
ಎಲ್ಲರೂ ಚೆಂಡನ್ನು ನೋಡುತ್ತಿದ್ದರು.
ಇವರು ಮೇಲೆ ನೋಡುತ್ತಾ ತುಟಿಯಲ್ಲೇ ಎಣಿಸುತ್ತಿದ್ದರು,
ಮಗುವೂ ಬಾಯಿ ತೆರೆದು ಅಲ್ಲೇ.

"ಊರಲ್ಲಿ ಮ್ಯಾಚ್ ಬಂದರೆ ಟಿ.ವಿ. ಹಾಕು."
"ಕಂಬ ತೋರಿಸ್ತ್ರಾ?"
"ಇಲ್ಲ. ನೆಲ ಕಾಣ್."
ಕಂಡೆ. ಆಡುವವರ ಕಾಲಿನಿಂದ
ದಿಕ್ಕಿಗೊಂದರಂತೆ ನಾಲ್ಕು ನೆರಳು,
ಯಾವುದೂ ಪೂರ್ತಿ ಕಪ್ಪಲ್ಲ.
"ಈ ಕಡೆ ಬಿದ್ದದ್ದುಂಟಲ್ಲ, ಅದು ನನ್ನ ಕಂಬದ್ದು.
ಆಚೆ ಕಂಬ ಇಸ್ಮಾಯಿಲನದ್ದು."

ಸೌಪರ್ಣಿಯನ್ನು ಹುಲ್ಲಿಗೆ ಬಿಟ್ಟೆ.
ಅವಳಿಗೂ ನಾಲ್ಕು. ಒಂದನ್ನು ಹಿಡಿಯಹೋಗಿ
ಮುಗ್ಗರಿಸಿ, ಇನ್ನೊಂದರ ಮೇಲೆ ಕೂತು,
ಸಿಟ್ಟಿಗೆ ಹುಲ್ಲು ಕಿತ್ತು ಬಾಯಿಗಿಟ್ಟಳು.
ಬೆರಳು ಹಾಕಿ ತೆಗೆದೆ. ಮರಳೂ ಬಂತು.

"ಎಡದ ಮೇಲಿನ ಸಾಲಲ್ಲಿ ಒಂದು ಮಿಣಮಿಣ ಅಂತಿದೆ,
ಕಂಡೆಯಾ? ಸೋಮವಾರ ಹತ್ತಬೇಕು ಅದಕ್ಕೆ."
ನನಗೆ ಕಾಣಲಿಲ್ಲ. ಕಂಡಿತು ಎಂದೆ.
ಉಳಿದ ಡೈಪರ್ ಎಣಿಸಿದೆ: ಎರಡು.
ಶಾರ್ಜಾ ಮುಟ್ಟುವವರೆಗೆ ಸಾಕು.